ಅರ್ಧಕ್ಕೆ ನಿಂತ ಬಿಸಿಎ: ಹಳೆಯ ಕ್ರೆಡಿಟ್‌ಗಳನ್ನು ಬೇರೆಡೆಗೆ ಒಯ್ದು ಬೇಗ ಮುಗಿಸಬಹುದೇ?

ಕೆರಗೋಡಿನ ಕಬ್ಬಿನಗದ್ದೆ

ಎಲ್ಲರಿಗೂ ನಮಸ್ಕಾರ. ನನ್ನದು ಮಂಡ್ಯ ತಾಲ್ಲೂಕು. 2021ರಲ್ಲಿ ಮೈಸೂರಿನ ಒಂದು ಕಾಲೇಜಿನಲ್ಲಿ ಬಿಸಿಎಗೆ ಸೇರಿದೆ. ನಮ್ಮ ರಾಜ್ಯದಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಜಾರಿಗೆ ಬಂದ ಮೊದಲ ವರ್ಷ ಅದು. ನಾಲ್ಕನೇ ಸೆಮಿಸ್ಟರ್ ಪರೀಕ್ಷೆ ಬರೆದ ಮೇಲೆ, 2023ರಲ್ಲಿ, ಅಪ್ಪನಿಗೆ ಲಕ್ವ ಹೊಡೆದು ಗದ್ದೆಯ ಕೆಲಸವೂ ಸೊಸೈಟಿ ಸಾಲದ ಕಂತೂ ನನ್ನ ಹೆಗಲಿಗೆ ಬಂದದ್ದರಿಂದ ಕಾಲೇಜಿಗೆ ಹೋಗುವುದನ್ನು ನಿಲ್ಲಿಸಿದೆ. ಎರಡನೇ ಸೆಮಿಸ್ಟರಿನ ಡಿಸ್ಕ್ರೀಟ್ ಗಣಿತ ಮತ್ತು ನಾಲ್ಕನೆಯದರ ಆಪರೇಟಿಂಗ್ ಸಿಸ್ಟಮ್, ಇವೆರಡು ಬಾಕಿ ಉಳಿದಿವೆ. ಅವನ್ನು ಬಿಟ್ಟು, ಪಾಸಾದ ಪತ್ರಿಕೆಗಳಿಂದ ಗಳಿಸಿದ ಸುಮಾರು 90 ಕ್ರೆಡಿಟ್‌ಗಳು ನನ್ನ ಹೆಸರಿನಲ್ಲಿವೆ.

ಈಗ, 2025ರಲ್ಲಿ, ಹೂಟಗಳ್ಳಿ ಕಡೆಯ ಒಂದು ಕಾರ್ಖಾನೆಯಲ್ಲಿ ಕಂಪ್ಯೂಟರ್ ಮತ್ತು ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದೇನೆ. ಕೆಲಸ ಗೊತ್ತಿದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಮೇಲಿನ ಹುದ್ದೆ ಖಾಲಿಯಾದಾಗ ಪದವಿ ಇಲ್ಲ ಎಂಬ ಒಂದೇ ಕಾರಣಕ್ಕೆ ನನ್ನ ಹೆಸರು ಪಟ್ಟಿಯಿಂದ ಬಿದ್ದುಹೋಯಿತು. ಇರುವ ಕ್ರೆಡಿಟ್‌ಗಳನ್ನು ಯಾವುದಾದರೂ ಮುಕ್ತ ವಿಶ್ವವಿದ್ಯಾಲಯಕ್ಕೋ ಆನ್‌ಲೈನ್ ಪದವಿಗೋ ವರ್ಗಾಯಿಸಿಕೊಂಡು, ಉಳಿದದ್ದನ್ನಷ್ಟೇ ಓದಿ, ಒಂದು ವರ್ಷದಲ್ಲಿ ಮುಗಿಸುವ ದಾರಿ ಇದೆಯೇ? ಮತ್ತೆ ಮೊದಲ ಸೆಮಿಸ್ಟರಿನಿಂದ ಸಿ ಭಾಷೆಯ ಫಾರ್ ಲೂಪ್ ಬರೆಯುತ್ತಾ ಕೂರುವ ಚೈತನ್ಯ ನನಗಿಲ್ಲ.

ಸರಸ್ವತಿಪುರಂ ಐದನೇ ಮೇನ್

ಖಂಡಿತ ಇದೆ. ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಎಂಬ ವ್ಯವಸ್ಥೆಯನ್ನು ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2021ರಲ್ಲೇ ತಂದಿದೆ. ಡಿಜಿಲಾಕರ್ ಮೂಲಕ ಖಾತೆ ತೆರೆದರೆ ನಿಮ್ಮ ಕ್ರೆಡಿಟ್‌ಗಳೆಲ್ಲ ಅಲ್ಲಿ ಜಮಾ ಆಗಿರುತ್ತವೆ, ಬೇರೆ ವಿಶ್ವವಿದ್ಯಾಲಯಕ್ಕೆ ಸೇರಿದಾಗ ಅಲ್ಲಿಂದ ತೆಗೆದುಕೊಂಡರಾಯಿತು. 90 ಇದ್ದರೆ, ಮೂರು ವರ್ಷದ ಪದವಿಗೆ 120 ಎಂದು ಹಿಡಿದರೂ ಉಳಿಯುವುದು 30. ಒಂದು ವರ್ಷವೂ ಬೇಕಿಲ್ಲ.

ಸೀಮೆಸುಣ್ಣ

ಐದನೇ ಮೇನ್ ಅವರೇ, ನಿಮ್ಮ ಕೂಡು-ಕಳೆ ಲೆಕ್ಕ ಸರಿಯಾಗಿದೆ, ನಿಯಮ ಹಾಗಿಲ್ಲ. ನಾನು ಮಂಡ್ಯದಲ್ಲಿ ಹದಿನಾಲ್ಕು ವರ್ಷಗಳಿಂದ ಕಂಪ್ಯೂಟರ್ ವಿಜ್ಞಾನ ಪಾಠ ಮಾಡುತ್ತಿದ್ದೇನೆ. ಪ್ರತಿ ಜೂನ್ ತಿಂಗಳಲ್ಲಿ ಇದೇ ಲೆಕ್ಕ ಹಾಕಿಕೊಂಡು ಬರುವ ಮಕ್ಕಳನ್ನು ಕೂರಿಸಿ ಸಮಾಧಾನ ಹೇಳುವುದು ನನ್ನ ಅಘೋಷಿತ ಕೆಲಸವಾಗಿಬಿಟ್ಟಿದೆ.

ಮೊದಲನೆಯದಾಗಿ, ಬ್ಯಾಂಕ್ ಎಂಬ ಹೆಸರೇ ದಾರಿ ತಪ್ಪಿಸುತ್ತದೆ. ನೂರು ರೂಪಾಯಿಯ ನೋಟನ್ನು ದೇವರಾಜ ಮಾರುಕಟ್ಟೆಯಲ್ಲಿ ಕೊಟ್ಟರೂ ಮಂಡ್ಯದ ಸಂತೆಯಲ್ಲಿ ಕೊಟ್ಟರೂ ಅದು ನೂರೇ. ಕ್ರೆಡಿಟ್ ಹಾಗಲ್ಲ. ನೀವು ಎಲ್ಲಿ ಏನು ಓದಿ ಎಷ್ಟು ಗಳಿಸಿದ್ದೀರಿ ಎಂಬ ದಾಖಲೆಯನ್ನು ಆ ಬ್ಯಾಂಕ್ ಇಟ್ಟುಕೊಳ್ಳುತ್ತದೆ, ಅಷ್ಟೇ. ಅದನ್ನು ತನ್ನ ಪದವಿಗೆ ಲೆಕ್ಕ ಹಿಡಿಯಬೇಕೋ ಬೇಡವೋ ಎಂದು ನಿರ್ಧರಿಸುವುದು ನೀವು ಹೊಸದಾಗಿ ಸೇರುವ ವಿಶ್ವವಿದ್ಯಾಲಯ. ಅಲ್ಲಿನ ಅಧ್ಯಯನ ಮಂಡಳಿ ಅಥವಾ ಸಮಾನತಾ ಸಮಿತಿಯವರು ನಿಮ್ಮ ಹಳೆಯ ಪಠ್ಯಕ್ರಮವನ್ನೂ ತಮ್ಮದನ್ನೂ ಪಕ್ಕಪಕ್ಕದಲ್ಲಿಟ್ಟು, ಘಟಕ ಘಟಕವಾಗಿ ಹೋಲಿಸಿ, ಬಹುಪಾಲು ಹೊಂದಿದರೆ ಒಪ್ಪುತ್ತಾರೆ, ಇಲ್ಲದಿದ್ದರೆ ಆ ಪತ್ರಿಕೆಯನ್ನು ಮತ್ತೆ ಬರೆಯಿರಿ ಎನ್ನುತ್ತಾರೆ.

ಎರಡನೆಯದಾಗಿ, ಆ 2021ರ ನಿಯಮಾವಳಿಯಲ್ಲೇ ಎರಡು ಕಟ್ಟುಗಳಿವೆ. ಪದವಿ ಕೊಡುವ ಸಂಸ್ಥೆಯಲ್ಲೇ ಕನಿಷ್ಠ ಅರ್ಧದಷ್ಟು ಕ್ರೆಡಿಟ್ ಗಳಿಸಿರಬೇಕು. ಹಾಗಾಗಿ 120ರ ಪದವಿಗೆ ನಿಮ್ಮ 90ರಲ್ಲಿ ಹೆಚ್ಚೆಂದರೆ 60 ನಡೆಯುತ್ತದೆ, ಉಳಿದ 60ನ್ನು ಹೊಸ ಕಡೆಯೇ ಓದಬೇಕು. ಒಂದು ವರ್ಷಕ್ಕೆ ಸುಮಾರು 40 ಕ್ರೆಡಿಟ್ ಎಂಬುದು ಈಗಿನ ಚೌಕಟ್ಟು. ಅಂದಮೇಲೆ ಒಂದೂವರೆ ವರ್ಷ, ಅದೂ ಎಲ್ಲವೂ ಹೊಂದಿಕೊಂಡರೆ. ಇನ್ನೊಂದು, ಜಮಾ ಆದ ಕ್ರೆಡಿಟ್‌ಗಳಿಗೆ ಗರಿಷ್ಠ ಏಳು ವರ್ಷಗಳ ಆಯುಷ್ಯ. ಕಬ್ಬಿನಗದ್ದೆಯವರ ಮೊದಲ ಸೆಮಿಸ್ಟರಿನ ಕ್ರೆಡಿಟ್‌ಗಳಿಗೆ ಇನ್ನು ನಾಲ್ಕು ವರ್ಷವೂ ಉಳಿದಿಲ್ಲ.

ಚುರುಮುರಿ

ಹಾಗಾದರೆ ಅದನ್ನು ಬ್ಯಾಂಕ್ ಎನ್ನುವ ಬದಲು ಗಿರವಿ ಅಂಗಡಿ ಎನ್ನಬೇಕು. ಒಡವೆ ನಮ್ಮದು, ಬೆಲೆ ಕಟ್ಟುವವರು ಅವರು.

ಸರಸ್ವತಿಪುರಂ ಐದನೇ ಮೇನ್

ಅರ್ಧದ ನಿಯಮ ನನಗೆ ಗೊತ್ತಿರಲಿಲ್ಲ, ತಿದ್ದಿದ್ದಕ್ಕೆ ಧನ್ಯವಾದ ಮೇಡಂ. ಆದರೆ ಎಲ್ಲಿ ಬೇಕಾದರೂ ಸೇರಿ ಎಲ್ಲಿಂದ ಬೇಕಾದರೂ ಹೊರಡಬಹುದು ಎಂದು ಅಷ್ಟು ಡಂಗುರ ಹೊಡೆದದ್ದು ಯಾತಕ್ಕೆ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಮೆಮು ಪ್ರಯಾಣಿಕಳು

ಹೋಲಿಸುವುದು ಎಂದರೆ ನಿಜವಾಗಿ ಏನು ಎಂದು ನಾನು ಅನುಭವದಿಂದ ಹೇಳುತ್ತೇನೆ. ಮದುವೆಯಾಗಿ ಹೊರ ರಾಜ್ಯದಿಂದ ಮೈಸೂರಿಗೆ ಬಂದಾಗ ನನ್ನ ಬಿಸಿಎ ಒಂದು ವರ್ಷ ಮುಗಿದಿತ್ತು. ಎರಡನೇ ವರ್ಷಕ್ಕೆ ಸೇರಿಸಿಕೊಳ್ಳಬೇಕೆಂದು ಕೇಳಿದಾಗ, ಹಳೆಯ ಪಠ್ಯಕ್ರಮದ ಪ್ರತಿ ಪುಟಕ್ಕೂ ಅಲ್ಲಿನ ಕುಲಸಚಿವರ ಕಚೇರಿಯ ಮೊಹರು ಹಾಕಿಸಿ ತನ್ನಿ ಎಂದರು. ನಲವತ್ತೊಂದು ಪುಟ. ರಾತ್ರಿ ಬಸ್ಸಿನಲ್ಲಿ ಹೋಗಿ, ಬೆಳಿಗ್ಗೆ ಹತ್ತಕ್ಕೆ ಕಿಟಕಿಯ ಮುಂದೆ ನಿಂತರೆ, ಮೊಹರು ಹಾಕುವವರು ಮಧ್ಯಾಹ್ನ ಮೂರಕ್ಕೆ ಬಂದರು. ಮೊಹರಿನ ಶಾಯಿ ಒಣಗಿತ್ತು. ಇಪ್ಪತ್ತೈದನೇ ಪುಟದ ನಂತರ ಅಕ್ಷರಗಳು ಕಾಣುತ್ತಲೇ ಇರಲಿಲ್ಲ. ಮೈಸೂರಿನಲ್ಲಿ ಅದನ್ನು ನೋಡಿದ ಗುಮಾಸ್ತರು ಕಾಣದ ಹದಿನಾರು ಪುಟಗಳನ್ನು ಬೇರೆ ಮಾಡಿ ಪಿನ್ನು ಚುಚ್ಚಿ ನನ್ನ ಕೈಗೇ ವಾಪಸು ಕೊಟ್ಟರು.

ಎರಡನೇ ಸಲ ಹೋಗಿ ಬಂದ ಮೇಲೆ ಸಮಿತಿ ಕೂತು 44 ಕ್ರೆಡಿಟ್‌ಗಳಲ್ಲಿ 31ನ್ನು ಒಪ್ಪಿಕೊಂಡಿತು. ಡೇಟಾ ಸ್ಟ್ರಕ್ಚರ್ಸ್ ಬಿದ್ದುಹೋಯಿತು, ಏಕೆಂದರೆ ನಾನು ಅದನ್ನು ಪೈಥಾನ್‌ನಲ್ಲಿ ಕಲಿತಿದ್ದೆ, ಇಲ್ಲಿ ಸಿ ಭಾಷೆಯಲ್ಲಿ ಕಲಿಸುತ್ತಿದ್ದರು. ಲಿಂಕ್ಡ್ ಲಿಸ್ಟ್ ಯಾವ ಭಾಷೆಯಲ್ಲಾದರೂ ಲಿಂಕ್ಡ್ ಲಿಸ್ಟೇ ಅಲ್ಲವೇ ಎಂದು ಕೇಳಿದೆ. ಪ್ರಯೋಗಾಲಯದ ಭಾಗ ಹೊಂದುವುದಿಲ್ಲವಲ್ಲಮ್ಮ ಎಂದರು. ನನ್ನ ಭಾಷಾ ವಿಷಯವೂ ಬೇರೆಯಾಗಿದ್ದರಿಂದ ಕನ್ನಡವನ್ನು ಹೊಸದಾಗಿ ಬರೆಯಬೇಕಾಯಿತು. ಆ ಬಗ್ಗೆ ಮಾತ್ರ ನನಗೆ ಬೇಸರವಿಲ್ಲ, ಈಗ ಈ ಬರಹ ಬರೆಯುತ್ತಿರುವುದೇ ಅದರಿಂದ.

ಸೀಮೆಸುಣ್ಣ

ಸಮಿತಿಯಲ್ಲಿ ಕೂತವಳಾಗಿ ಒಂದು ಮಾತು ಸೇರಿಸುತ್ತೇನೆ. ವಾರಕ್ಕೆ ಒಂದು ಗಂಟೆಯ ಪಾಠ ಅಥವಾ ಎರಡು ಗಂಟೆಯ ಪ್ರಯೋಗಾಲಯ ಒಂದು ಸೆಮಿಸ್ಟರ್ ಪೂರ್ತಿ ನಡೆದರೆ ಒಂದು ಕ್ರೆಡಿಟ್. ಹೀಗಾಗಿ ಹೆಸರು ಒಂದೇ ಇದ್ದರೂ ಒಂದು ಕಡೆ ನಾಲ್ಕು ಕ್ರೆಡಿಟ್, ಇನ್ನೊಂದು ಕಡೆ ಮೂರರ ಜೊತೆಗೆ ಪ್ರಯೋಗಾಲಯಕ್ಕೆ ಎರಡು ಎಂದಾದಾಗ, ನಾವು ಕೆಟ್ಟವರಲ್ಲದಿದ್ದರೂ ಕೈ ಕಟ್ಟಿಹೋಗಿರುತ್ತದೆ. ಅತಿ ಸುಲಭವಾಗಿ ಬಿದ್ದುಹೋಗುವುದು ಓಪನ್ ಎಲೆಕ್ಟಿವ್‌ಗಳು. ಬಿಸಿಎ ಓದುತ್ತಾ ಪ್ರವಾಸೋದ್ಯಮವನ್ನೋ ಛಾಯಾಗ್ರಹಣವನ್ನೋ ತೆಗೆದುಕೊಂಡವರಿಗೆ ಅದಕ್ಕೆ ಜೋಡಿ ಹುಡುಕುವುದು ಯಾರಿಂದಲೂ ಆಗುವುದಿಲ್ಲ.

ಹೂಟಗಳ್ಳಿ ಎರಡನೇ ಪಾಳಿ

ಕಬ್ಬಿನಗದ್ದೆಯವರು ಇನ್ನೂ ಚಿಕ್ಕವರಿರುವಂತಿದೆ, ಆದ್ದರಿಂದ ಎಚ್ಚರಿಕೆಯ ಮಾತೊಂದನ್ನು ಈಗಲೇ ಹೇಳಿಬಿಡುತ್ತೇನೆ. ಬಸ್ ನಿಲ್ದಾಣದ ಸುತ್ತಮುತ್ತಲಿನ ಕಂಬಗಳ ಮೇಲೆ, "ಅರ್ಧಕ್ಕೆ ನಿಂತ ಪದವಿಯನ್ನು ಕ್ರೆಡಿಟ್ ಟ್ರಾನ್ಸ್‌ಫರ್ ಮೂಲಕ ಒಂದೇ ವರ್ಷದಲ್ಲಿ ಮುಗಿಸಿ" ಎಂಬ ಚೀಟಿ ಅಂಟಿಸಿರುವುದನ್ನು ನೀವು ನೋಡಿರಬಹುದು. ನಾನು ನೋಡಿದೆ, ಫೋನ್ ಮಾಡಿದೆ, ಹೋದೆ. ಬಟ್ಟೆ ಅಂಗಡಿಯೊಂದರ ಮೇಲಿನ ಒಂದು ಕೋಣೆ, ಒಂದು ಮೇಜು, ಗೋಡೆಯ ತುಂಬ ಗೌನು ತೊಟ್ಟವರ ಫೋಟೋಗಳು. ನನ್ನ ಹಳೆಯ ಅಂಕಪಟ್ಟಿಯನ್ನು ಅವರು ಸರಿಯಾಗಿ ತೆರೆದೂ ನೋಡಲಿಲ್ಲ. ಪದವಿ ಯಾವ ವರ್ಷದ್ದು ಬೇಕು ಎಂದು ಮಾತ್ರ ಕೇಳಿದರು!

ಮುಂಗಡ ಎಂದು ಹದಿನೈದು ಸಾವಿರ ಕೊಟ್ಟಿದ್ದೆ. ಆ ದುಡ್ಡು ಹೋಯಿತು. ಅವರು ಕೊಡಿಸುತ್ತೇವೆ ಎಂದ ವಿಶ್ವವಿದ್ಯಾಲಯದ ಹೆಸರು ಇಲ್ಲಿ ಬೇಡ, ಅವರಿಗೇ ಈ ವ್ಯವಹಾರ ಗೊತ್ತಿತ್ತೋ ಇಲ್ಲವೋ. ನಿಜವಾದ ಕ್ರೆಡಿಟ್ ವರ್ಗಾವಣೆಯಲ್ಲಿ ನಿಮ್ಮ ಪಠ್ಯಕ್ರಮವನ್ನು ಕೇಳುತ್ತಾರೆ, ತೊಂದರೆ ಕೊಡುತ್ತಾರೆ, ಪುಟ ಪುಟಕ್ಕೂ ಮೊಹರು ಕೇಳುತ್ತಾರೆ. ತೊಂದರೆಯೇ ಕೊಡದಿದ್ದರೆ ಅನುಮಾನಪಡಿ.

ಲ್ಯಾಟರಲ್ ಎಂಟ್ರಿ

ಎಂಜಿನಿಯರಿಂಗನ್ನು ದೂರಶಿಕ್ಷಣದಲ್ಲಿ ಕೊಡಿಸುತ್ತೇವೆ ಎನ್ನುವವರೂ ಇನ್ನೂ ಇದ್ದಾರೆ. ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ಹಾಗೆ ಕೊಟ್ಟಿದ್ದ ಎಂಜಿನಿಯರಿಂಗ್ ಪದವಿಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ಏನು ಹೇಳಿತು ಎಂಬುದನ್ನು ಒಮ್ಮೆ ಓದಿಕೊಂಡರೆ ಸಾಕು. ವರ್ಷಗಟ್ಟಲೆ ಕೆಲಸ ಮಾಡಿದವರ ಪದವಿಯೇ ಅಮಾನತಾಗಿ, ಅವರು ಮತ್ತೆ ಪರೀಕ್ಷೆ ಬರೆಯಬೇಕಾಯಿತು.

ನ್ಯಾಯವಾದ ಅಡ್ಡದಾರಿ ಎಂದರೆ ನನ್ನದು. ಎಸ್‌ಎಸ್‌ಎಲ್‌ಸಿ ನಂತರ ಮೂರು ವರ್ಷದ ಡಿಪ್ಲೊಮಾ, ಆಮೇಲೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು 2019ರಲ್ಲಿ ನೇರವಾಗಿ ಬಿಇ ಮೂರನೇ ಸೆಮಿಸ್ಟರಿಗೆ. ಮೊದಲ ವರ್ಷವನ್ನು ಓದದೆಯೇ ದಾಟಿದೆ. ಆದರೆ ಅದೂ ಪುಕ್ಕಟೆ ಅಲ್ಲ: ಕ್ರೆಡಿಟ್ಟೇ ಇಲ್ಲದ ಹೆಚ್ಚುವರಿ ಗಣಿತ ಎಂಬ ಎರಡು ಪತ್ರಿಕೆಗಳನ್ನು ನಮಗೆ ಅಂಟಿಸಿದ್ದರು. ಪಿಯುಸಿ ಮಾಡಿ ಬಂದ ಗೆಳೆಯರು ಕ್ಯಾಂಟೀನಿನಲ್ಲಿ ಕೂತಿರುವಾಗ ನಾವು ಡಿಫರೆನ್ಷಿಯಲ್ ಈಕ್ವೇಷನ್ ಬಿಡಿಸುತ್ತಿದ್ದೆವು.

ಚುರುಮುರಿ

ಅವರು ಕೇಳಿದ್ದು ಬಿಸಿಎ ಬಗ್ಗೆ.

ಲ್ಯಾಟರಲ್ ಎಂಟ್ರಿ

ಗೊತ್ತಿದೆ ಸ್ವಾಮಿ. ಸರ್ಕಾರ ಮೊದಲೇ ಒಪ್ಪಿಕೊಂಡ ವರ್ಗಾವಣೆಗೂ ವಿದ್ಯಾರ್ಥಿಯೇ ಹೋಗಿ ಬೇಡಿಕೊಳ್ಳಬೇಕಾದ ವರ್ಗಾವಣೆಗೂ ಇರುವ ವ್ಯತ್ಯಾಸ ತಿಳಿಯಲಿ ಎಂದು ಬರೆದೆ. ನನ್ನ ಪ್ರಕರಣದಲ್ಲಿ ಯಾವ ಸಮಿತಿಯೂ ಕೂರಲಿಲ್ಲ, ನಿಯಮವೇ ಕೂತಿತ್ತು.

ಕುವೆಂಪುನಗರದಿಂದ ಟೆಕ್ಸಾಸ್‌ಗೆ

ನಾನು ಈಗ ಇಲ್ಲಿ ಅಮೆರಿಕದಲ್ಲಿ ಇದೇ ಕ್ರೆಡಿಟ್ ವರ್ಗಾವಣೆಯ ಕೆಲಸ ಮಾಡುತ್ತಿರುವುದರಿಂದ ಬರೆಯುತ್ತಿದ್ದೇನೆ. ಇಲ್ಲಿ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್. ಅದರಲ್ಲಿ ಕೊನೆಯ 30ರಷ್ಟನ್ನಾದರೂ ತಮ್ಮಲ್ಲೇ ಓದಿರಬೇಕು ಎಂದು ಅನೇಕ ವಿಶ್ವವಿದ್ಯಾಲಯಗಳು ಕೇಳುತ್ತವೆ. ಅಂದರೆ ಮುಕ್ಕಾಲು ಪಾಲನ್ನು ಹೊರಗಿನಿಂದ ತರಬಹುದು. ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಕಡಿಮೆ ಶುಲ್ಕಕ್ಕೆ ಎರಡು ವರ್ಷ ಓದಿ ದೊಡ್ಡ ವಿಶ್ವವಿದ್ಯಾಲಯಕ್ಕೆ ಹೋಗುವುದು ಇಲ್ಲಿ ತೀರಾ ಸಾಮಾನ್ಯ ಸಂಗತಿ. ಯಾವ ವಿಷಯಕ್ಕೆ ಯಾವ ವಿಷಯ ಸಮ ಎಂಬ ಒಪ್ಪಂದದ ಪಟ್ಟಿಯನ್ನು ಎರಡೂ ಕಡೆಯವರು ಮೊದಲೇ ಮಾಡಿಟ್ಟಿರುತ್ತಾರೆ. ಪಾಠಕ್ಕೆ ಹೋಗದೆ ಪರೀಕ್ಷೆಯನ್ನಷ್ಟೇ ಬರೆದು ಕ್ರೆಡಿಟ್ ಪಡೆಯುವ ಸಿಎಲ್‌ಇಪಿ ಪರೀಕ್ಷೆಗಳೂ ಇವೆ. ಇನ್ನು ಯೂಟಾ ರಾಜ್ಯದ ವೆಸ್ಟರ್ನ್ ಗವರ್ನರ್ಸ್ ಯೂನಿವರ್ಸಿಟಿಯಂತಹ ಕಡೆ ಆರು ತಿಂಗಳಿಗೆ ಇಷ್ಟು ಶುಲ್ಕ ಎಂದು ಕಟ್ಟಿಬಿಟ್ಟರೆ ಆ ಅವಧಿಯಲ್ಲಿ ಎಷ್ಟು ಪತ್ರಿಕೆ ಮುಗಿಸಿದರೂ ಅಷ್ಟೇ ಶುಲ್ಕ. ಕಂಪ್ಯೂಟರ್ ಕೆಲಸದ ಅನುಭವವಿರುವವರು ಮೊದಲೇ ಸಾಕಷ್ಟು ಕ್ರೆಡಿಟ್ ತಂದುಕೊಂಡು ಒಂದೆರಡು ಅವಧಿಯಲ್ಲಿ ಮುಗಿಸಿದ್ದೂ ಉಂಟು.

ತೊಂದರೆ ಏನೆಂದರೆ, ಇದನ್ನೆಲ್ಲ ಹೇಳುವ ವಿಡಿಯೋಗಳನ್ನು ನಮ್ಮ ಕಡೆಯ ಹುಡುಗರು ನೋಡಿ, ಇದೇ ಪದ್ಧತಿ ಅಲ್ಲಿಯೂ ಇದೆ ಎಂದುಕೊಳ್ಳುತ್ತಾರೆ. ನನ್ನ ತಮ್ಮನೇ ಹೋದ ತಿಂಗಳು ಫೋನ್ ಮಾಡಿ, "ಅಕ್ಕ, ಆ ಸಿಎಲ್‌ಇಪಿ ಮೈಸೂರಿನಲ್ಲಿ ಬರೆದರೆ ನಮ್ಮ ಕಾಲೇಜಿನವರು ಒಪ್ಪುತ್ತಾರಾ" ಎಂದು ಕೇಳಿದ. ಆ ಹೆಸರನ್ನೇ ಕೇಳಿರದ ಪ್ರಾಂಶುಪಾಲರ ಮುಂದೆ ಹೋಗಿ ನಿಲ್ಲಬೇಡ ಎಂದು ಹೇಳಿದೆ.

ಪಡುವಾರಹಳ್ಳಿ ಬಾಡಿಗೆ ಮನೆ

ಇಷ್ಟೆಲ್ಲ ಕಷ್ಟ ಯಾಕೆ? ಐಐಟಿ ಮದ್ರಾಸಿನವರು 2020ರಿಂದ ನಡೆಸುತ್ತಿರುವ ಡೇಟಾ ಸೈನ್ಸ್ ಆನ್‌ಲೈನ್ ಪದವಿಗೆ ಸೇರಲಿ. ಕೆಲಸ ಮಾಡುತ್ತಲೇ ಓದಬಹುದು, ಹೆಸರಿಗೂ ತೂಕವಿದೆ.

ಮೆಮು ಪ್ರಯಾಣಿಕಳು

ತೂಕವಿದೆ, ನಿಜ. ಬೇಗ ಮುಗಿಯುವುದಿಲ್ಲ ಎಂಬುದೂ ನಿಜ. ಅಲ್ಲಿ ಪದವಿಯ ದಾರಿ ಅರ್ಹತಾ ಹಂತ ದಾಟಿ ಫೌಂಡೇಶನ್‌ನಿಂದಲೇ ಆರಂಭ. ಫೌಂಡೇಶನ್‌ಗೆ 32, ಬಿಎಸ್ಸಿಗೆ 114, ನಾಲ್ಕು ವರ್ಷದ ಬಿಎಸ್‌ಗೆ 142 ಕ್ರೆಡಿಟ್. ನನ್ನ ನಾದಿನಿ ಅದರಲ್ಲಿದ್ದಾಳೆ. ಭಾನುವಾರಗಳಲ್ಲಿ ಪರೀಕ್ಷೆ ಎಂದು ಮನೆಯ ಎರಡು ನಾಮಕರಣಗಳಿಗೆ ಬರಲಿಲ್ಲ. ಪ್ರಶ್ನೆ ಕೇಳಿದವರಿಗೆ ಬೇಕಾದದ್ದು ಉಳಿದದ್ದನ್ನು ಮುಗಿಸುವ ದಾರಿ, ಹೊಸದನ್ನು ಆರಂಭಿಸುವ ದಾರಿಯಲ್ಲ.

ಸರಸ್ವತಿಪುರಂ ಐದನೇ ಮೇನ್

ಹಾಗಾದರೆ ಮುಕ್ತ ವಿಶ್ವವಿದ್ಯಾಲಯ. ದೂರಶಿಕ್ಷಣದ ಪದವಿಯೂ ಕಾಲೇಜಿಗೆ ಹೋಗಿ ಪಡೆದ ಪದವಿಯೂ ಸಮಾನ ಎಂದು ಯುಜಿಸಿ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ. ನಮ್ಮ ಮೈಸೂರಿನಲ್ಲೇ 1996ರಿಂದ ರಾಜ್ಯ ಮುಕ್ತ ವಿಶ್ವವಿದ್ಯಾಲಯವಿದೆ. ಇಗ್ನೋ ಅದಕ್ಕೂ ಹಳೆಯದು, 1985ರದ್ದು. ಹಾಜರಾತಿಯ ಕಾಟವಿಲ್ಲ.

ಸೀಮೆಸುಣ್ಣ

ಒಳ್ಳೆಯ ಸಲಹೆ, ಆದರೆ ಸೇರುವ ಮುನ್ನ ಮೂರು ವಿಷಯ ಖಚಿತಪಡಿಸಿಕೊಳ್ಳಬೇಕು. ಆ ವರ್ಷದ ಆ ಕೋರ್ಸಿಗೆ ಯುಜಿಸಿಯ ದೂರಶಿಕ್ಷಣ ಬ್ಯೂರೋದ (ಡಿಇಬಿ) ಮಾನ್ಯತೆ ಇದೆಯೇ ಎಂದು ಯುಜಿಸಿಯ ಪಟ್ಟಿಯಲ್ಲೇ ನೋಡಿ. ಮಾನ್ಯತೆ ವಿಶ್ವವಿದ್ಯಾಲಯಕ್ಕೆ ಶಾಶ್ವತವಾಗಿ ಅಂಟಿಕೊಂಡಿರುವುದಿಲ್ಲ. 2024ರಿಂದ ಪ್ರತಿ ವಿದ್ಯಾರ್ಥಿಗೂ ಡಿಇಬಿ ಗುರುತಿನ ಸಂಖ್ಯೆ ಬೇಕು, ಅದು ಕ್ರೆಡಿಟ್ ಬ್ಯಾಂಕಿನ ಖಾತೆಯ ಮೂಲಕವೇ ಸಿಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಹಳೆಯ ಯಾವ ಯಾವ ಪತ್ರಿಕೆಗಳನ್ನು ಒಪ್ಪುತ್ತೇವೆ ಎಂದು ಶುಲ್ಕ ಕಟ್ಟುವ ಮುನ್ನ ಅವರಿಂದ ಬರಹದಲ್ಲಿ ಪಡೆಯಿರಿ. ಬಾಯಿಮಾತಿನಲ್ಲಿ "ಆಗುತ್ತೆ ಬನ್ನಿ" ಎಂದವರು ಆರು ತಿಂಗಳ ನಂತರ ವರ್ಗವಾಗಿ ಹೋಗಿರುತ್ತಾರೆ.

ಪಡುವಾರಹಳ್ಳಿ ಬಾಡಿಗೆ ಮನೆ

ವೇಗವರ್ಧಿತ ಪದವಿ ಎಂದು ಯುಜಿಸಿ ಹೊಸದಾಗಿ ಏನೋ ಹೇಳಿದೆಯಲ್ಲ, ಆರರ ಬದಲು ಐದೇ ಸೆಮಿಸ್ಟರಿನಲ್ಲಿ ಮುಗಿಸುವುದು?

ಸೀಮೆಸುಣ್ಣ

ಅದು ಮೊದಲ ಅಥವಾ ಎರಡನೇ ಸೆಮಿಸ್ಟರಿನ ಕೊನೆಯಲ್ಲಿ ಆಯ್ಕೆಯಾಗುವವರಿಗೆ, ಅದೂ ಒಟ್ಟು ಸೀಟುಗಳಲ್ಲಿ ಶೇಕಡಾ 10ರವರೆಗೆ ಮಾತ್ರ. ನಾಲ್ಕು ದಾಟಿದವರಿಗೆ ಅಲ್ಲ.

ನಿವೃತ್ತ ಸೂಪರಿಂಟೆಂಡೆಂಟ್

ಎಲ್ಲರೂ ಹುಡುಗನನ್ನು ಊರೂರು ಸುತ್ತಿಸುತ್ತಿದ್ದೀರಿ. ಅವನು ಬಿಟ್ಟುಬಂದ ಮನೆಯ ಬಾಗಿಲು ತಟ್ಟಿ ನೋಡು ಎಂದು ಒಬ್ಬರೂ ಹೇಳಲಿಲ್ಲ. ನಾನು ಮೂವತ್ತೊಂದು ವರ್ಷ ಪರೀಕ್ಷಾ ವಿಭಾಗದಲ್ಲಿ ಕಡತ ಹೊತ್ತವನು. ಮಗು, ಗಮನವಿಟ್ಟು ಓದು.

ನಿನ್ನ 90 ಕ್ರೆಡಿಟ್‌ಗೂ ಪೂರ್ತಿ ಬೆಲೆ ಇರುವ ಜಾಗ ಭೂಮಿಯ ಮೇಲೆ ಒಂದೇ ಒಂದು: ನೀನು ಓದಿದ ಕಾಲೇಜು. ಅಲ್ಲಿ ಸಮಿತಿ ಬೇಡ, ಹೋಲಿಕೆ ಬೇಡ, ನಲವತ್ತೊಂದು ಪುಟದ ಮೊಹರು ಬೇಡ. ಬೇಕಾದದ್ದು ಐದನೇ ಸೆಮಿಸ್ಟರಿಗೆ ಮರುಪ್ರವೇಶದ ಅರ್ಜಿ. ಮೂರು ವರ್ಷದ ಪದವಿಯನ್ನು ಅದರ ಎರಡರಷ್ಟು ಕಾಲದೊಳಗೆ ಮುಗಿಸಬೇಕು ಎಂಬ ನಿಯಮ ಅನೇಕ ಕಡೆ ಇದೆ. 2021ಕ್ಕೆ ಆರು ಸೇರಿಸಿದರೆ 2027. ಬಾಕಿ ಪತ್ರಿಕೆ ಇದ್ದರೂ ಮುಂದಿನ ಸೆಮಿಸ್ಟರಿಗೆ ಕೂರಲು ಸಾಮಾನ್ಯವಾಗಿ ಅಡ್ಡಿಯಿಲ್ಲ, ಆದರೆ ಅದನ್ನು ನಿನ್ನ ಕಚೇರಿಯಲ್ಲಿ ಕೇಳಿ ಖಚಿತ ಮಾಡಿಕೊ.

ಇನ್ನು ನೀವ್ಯಾರೂ ಗಮನಿಸದ ಸಂಗತಿ. ರಾಜ್ಯ ಸರ್ಕಾರ 2024-25ರಿಂದ ಹೊಸದಾಗಿ ಸೇರುವವರಿಗೆ ರಾಷ್ಟ್ರೀಯ ನೀತಿಯ ಪಠ್ಯಕ್ರಮ ಬಿಟ್ಟು ಬೇರೆಯದನ್ನು ತಂದಿತು. ಹಾಗಾಗಿ ನಿನ್ನ ಪಠ್ಯಕ್ರಮದಲ್ಲಿ ಸೇರಿದ ಕೊನೆಯ ತಂಡ 2023ರದ್ದು. ಆ ತಂಡ ಐದನೇ ಸೆಮಿಸ್ಟರಿಗೆ ಬರುವುದು ಈ ವರ್ಷ, 2025ರಲ್ಲಿ. ಈ ವರ್ಷ ಹೋದರೆ ನೀನು ಬಿಟ್ಟಲ್ಲಿಂದಲೇ, ಅದೇ ಪುಸ್ತಕಗಳೊಂದಿಗೆ ಅವರ ಪಕ್ಕದಲ್ಲಿ ಕೂರುತ್ತೀ. ಮುಂದಿನ ವರ್ಷ ಆ ಕೊಠಡಿಯಲ್ಲಿ ಇರುವವರು ಹೊಸ ಪಠ್ಯಕ್ರಮದವರು. ಆಗ ನಿನ್ನದೇ ಕಾಲೇಜಿನಲ್ಲಿ ನಿನಗೆ ಸಮಾನತೆಯ ಪ್ರಶ್ನೆ ಎದುರಾಗುತ್ತದೆ. ವರ್ಗಾವಣೆ ಪತ್ರ ತೆಗೆದುಕೊಂಡಿದ್ದೀಯಾ, ಇಲ್ಲವಾ?

ಕೆರಗೋಡಿನ ಕಬ್ಬಿನಗದ್ದೆ

ಸರ್, ಇದನ್ನು ಓದಿ ಒಂದು ನಿಮಿಷ ಸುಮ್ಮನೆ ಕೂತುಬಿಟ್ಟೆ. ವರ್ಗಾವಣೆ ಪತ್ರ ತೆಗೆದುಕೊಂಡಿಲ್ಲ. ನನ್ನ ಪಿಯುಸಿ ಮೂಲ ಅಂಕಪಟ್ಟಿ ಇನ್ನೂ ಕಾಲೇಜಿನಲ್ಲೇ ಇದೆ. ನಾಚಿಕೆಯಿಂದ ಆ ಕಡೆ ತಲೆ ಹಾಕಿರಲಿಲ್ಲ. ಆದರೆ ಶೇಕಡಾ 75 ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಬಿಡುವುದಿಲ್ಲವಲ್ಲ. ಕೆಲಸ ಬಿಟ್ಟರೆ ಮನೆ ನಡೆಯುವುದಿಲ್ಲ.

ನಿವೃತ್ತ ಸೂಪರಿಂಟೆಂಡೆಂಟ್

ವರ್ಗಾವಣೆ ಪತ್ರ ತೆಗೆಯದೇ ಇದ್ದದ್ದು ನಿನ್ನ ಪುಣ್ಯ. ಹಾಜರಾತಿಯ ವಿಷಯಕ್ಕೆ ನನ್ನಲ್ಲಿ ಉತ್ತರವಿಲ್ಲ.

ಹೂಟಗಳ್ಳಿ ಎರಡನೇ ಪಾಳಿ

ನನ್ನಲ್ಲಿದೆ, ನನ್ನ ಹೆಸರೇ ಉತ್ತರ. ಎರಡನೇ ಪಾಳಿ ಎರಡಕ್ಕೆ ಆರಂಭ. ಕಾಲೇಜಿನ ವೇಳಾಪಟ್ಟಿ ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ ಇದ್ದರೆ ಎರಡೂ ಆಗುತ್ತವೆ. ಮಧ್ಯಾಹ್ನ ಪ್ರಯೋಗಾಲಯ ಬಿದ್ದ ದಿನವೇ ಕಷ್ಟ. ಆ ದಿನಕ್ಕೆ ಪಾಳಿ ಬದಲಿಸಿಕೊಳ್ಳುವ ಒಬ್ಬ ಜೊತೆಗಾರ ಬೇಕು. ನಾನು ಹೀಗೆ ಒಂದು ವರ್ಷ ಮಾಡಿದೆ. ರಾತ್ರಿ ಹತ್ತಕ್ಕೆ ಬಿಟ್ಟು ಮನೆಗೆ ಬಂದು ಉಂಡು ಮಲಗುವಾಗ ಹನ್ನೊಂದೂವರೆ. ಮೊದಲ ಗಂಟೆಯ ಪಾಠದಲ್ಲಿ ಏನು ಹೇಳಿದರೆಂದು ನನಗೆ ಇವತ್ತಿಗೂ ತಿಳಿಯದು, ಆದರೆ ಹಾಜರಿ ಬಿದ್ದಿತ್ತು.

ಸೀಮೆಸುಣ್ಣ

ನಮ್ಮ ತರಗತಿಯ ಹಿಂದಿನ ಬೆಂಚಿನಲ್ಲಿ ನಿದ್ದೆ ಮಾಡುವ ಅಂಥ ಇಬ್ಬರು ಪ್ರತಿ ವರ್ಷವೂ ಇರುತ್ತಾರೆ. ನಾನು ಎಬ್ಬಿಸುವುದಿಲ್ಲ.

ಪಡುವಾರಹಳ್ಳಿ ಬಾಡಿಗೆ ಮನೆ

ಐದು ಮತ್ತು ಆರನೇ ಸೆಮಿಸ್ಟರಿನ ಕೆಲವು ಪತ್ರಿಕೆಗಳನ್ನು ಕೇಂದ್ರ ಸರ್ಕಾರದ ‘ಸ್ವಯಂ’ ಎಂಬ ಆನ್‌ಲೈನ್ ಪಾಠಗಳ ತಾಣದ ಮೂಲಕ ಮಾಡಬಹುದಲ್ಲವೇ? ಶೇಕಡಾ 40ರಷ್ಟನ್ನು ಆನ್‌ಲೈನಿನಲ್ಲಿ ಮಾಡಲು ಅವಕಾಶವಿದೆ ಎಂದು ಓದಿದ ನೆನಪು. ಹಾಜರಾತಿಯ ಹೊರೆ ಅಷ್ಟು ಇಳಿಯುತ್ತದೆ.

ಸೀಮೆಸುಣ್ಣ

ಈ ಸಲ ನೀವು ಹೇಳಿದ್ದು ಸರಿ, ಅರ್ಧದಷ್ಟು. 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇಕಡಾ 40ರವರೆಗೆ ಸ್ವಯಂ ಮೂಲಕ ಮಾಡಬಹುದು. ಅದು ಮೇಲ್ಮಿತಿ, ವಿದ್ಯಾರ್ಥಿ ಹಕ್ಕಿನಿಂದ ಕೇಳುವಂಥದ್ದಲ್ಲ. ಯಾವ ಪತ್ರಿಕೆಗೆ ಬದಲಾಗಿ ಯಾವ ಆನ್‌ಲೈನ್ ಕೋರ್ಸು ಎಂದು ಕಾಲೇಜು ಮೊದಲೇ ಒಪ್ಪಿರಬೇಕು. ಕಂಪ್ಯೂಟರ್ ವಿಷಯಗಳಿಗೆ ಸ್ವಯಂನಲ್ಲೇ ಐಐಟಿಗಳವರು ಕೊಡುವ ಎನ್‌ಪಿಟೆಲ್ ಕೋರ್ಸುಗಳು ಧಾರಾಳವಾಗಿವೆ. ಪಾಠ ಉಚಿತ, ಪರೀಕ್ಷೆಗೆ 1,000 ರೂಪಾಯಿ. ವಾರದ ಅಸೈನ್‌ಮೆಂಟ್‌ಗಳಿಗೆ 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಮೊದಲನೆಯದರಲ್ಲಿ 10, ಎರಡನೆಯದರಲ್ಲಿ 30 ಬಾರದೆ ಪ್ರಮಾಣಪತ್ರವಿಲ್ಲ. ಬುಧವಾರ ರಾತ್ರಿ ಹನ್ನೆರಡಕ್ಕೆ ಒಂದು ನಿಮಿಷ ಇರುವಾಗ ಅಸೈನ್‌ಮೆಂಟ್ ಬಾಗಿಲು ಮುಚ್ಚುತ್ತದೆ. ಎರಡನೇ ಪಾಳಿಯವರಿಗೆ ಅದೊಂದು ಅನುಕೂಲ, ಮನೆಗೆ ಬಂದ ಮೇಲೂ ಒಂದು ಗಂಟೆ ಉಳಿದಿರುತ್ತದೆ.

ಚುರುಮುರಿ

ಬುಧವಾರ ರಾತ್ರಿ ಕರೆಂಟು ಹೋಗದಿದ್ದರೆ.

ಕೆರಗೋಡಿನ ಕಬ್ಬಿನಗದ್ದೆ

ಎಲ್ಲರಿಗೂ ಒಂದು ವರದಿ. ನಿನ್ನೆ ರಜೆ ಹಾಕಿ ಕಾಲೇಜಿಗೆ ಹೋಗಿದ್ದೆ. ಕಚೇರಿಯವರು ನನ್ನ ರಿಜಿಸ್ಟರ್ ಸಂಖ್ಯೆ ಕೇಳಿ, ಕಬ್ಬಿಣದ ಬೀರುವಿನಿಂದ 2021 ಎಂದು ಬರೆದ ದಾರ ಕಟ್ಟಿದ ಕಟ್ಟನ್ನು ತೆಗೆದು, ಧೂಳು ಕೊಡವಿ ಬಿಚ್ಚಿದರು. ನನ್ನ ಅರ್ಜಿಯ ಫೋಟೋದಲ್ಲಿ ಮೀಸೆಯೇ ಇರಲಿಲ್ಲ. ಮರುಪ್ರವೇಶಕ್ಕೆ ಅವಕಾಶವಿದೆ, ವಿಶ್ವವಿದ್ಯಾಲಯದ ಅನುಮತಿಗೆ ಅವರೇ ಕಳುಹಿಸುತ್ತಾರಂತೆ, ದಂಡಶುಲ್ಕ ಬೇರೆ. ಈ ವರ್ಷವೇ ಬಂದದ್ದು ಒಳ್ಳೆಯದಾಯಿತು ಎಂದು ಸೂಪರಿಂಟೆಂಡೆಂಟ್ ಸರ್ ಹೇಳಿದ ಕಾರಣವನ್ನೇ ಅವರೂ ಹೇಳಿದರು. ಬಾಕಿ ಇರುವ ಎರಡೂ ಪತ್ರಿಕೆಗಳನ್ನು ಇದರ ಜೊತೆಗೇ ಬರೆಯಬಹುದಂತೆ. ಸ್ವಯಂ ಬಗ್ಗೆ ಕೇಳಿದಾಗ ವಿಭಾಗದ ಮುಖ್ಯಸ್ಥರು ಸಾಫ್ಟ್‌ವೇರ್ ಎಂಜಿನಿಯರಿಂಗ್ ಒಂದಕ್ಕೆ ನೋಡೋಣ ಎಂದರು, ಬರಹದಲ್ಲಿ ಕೇಳಿದ್ದೇನೆ. ಕಾರ್ಖಾನೆಯಲ್ಲಿ ಎರಡನೇ ಪಾಳಿಗೆ ಅರ್ಜಿ ಕೊಟ್ಟಿದ್ದೇನೆ, ಮೇಲ್ವಿಚಾರಕರು ಬೇಡ ಎಂದಿಲ್ಲ.

ಒಂದೇ ಭಯ, ಡಿಸ್ಕ್ರೀಟ್ ಗಣಿತ. ಗ್ರಾಫ್ ಥಿಯರಿ ಪೂರ್ತಿ ಮರೆತುಹೋಗಿದೆ.

ಮೆಮು ಪ್ರಯಾಣಿಕಳು

ನನ್ನ ಬಳಿ ಆ ಪತ್ರಿಕೆಯ ಕೈಬರಹದ ನೋಟ್ಸ್ ಇದೆ, ಐದು ವರ್ಷದ ಪ್ರಶ್ನೆಪತ್ರಿಕೆ ಬಿಡಿಸಿದ್ದೂ ಇದೆ. ವಾರದ ದಿನಗಳಲ್ಲಿ ಬೆಳಗಿನ ಮೆಮುವಿಗೆ ಮಂಡ್ಯ ನಿಲ್ದಾಣದಲ್ಲಿ ಇರುತ್ತೇನೆ. ಖಾಸಗಿ ಸಂದೇಶ ಕಳುಹಿಸಿ, ಜೆರಾಕ್ಸ್ ಮಾಡಿಸಿಕೊಂಡು ವಾಪಸು ಕೊಡಿ.

ಲ್ಯಾಟರಲ್ ಎಂಟ್ರಿ

ಗ್ರಾಫ್ ಥಿಯರಿ ಬೇಕಾದರೆ ನಾನು ಭಾನುವಾರ ಹೇಳಿಕೊಡಬಲ್ಲೆ. ಆ ಹೆಚ್ಚುವರಿ ಗಣಿತ ಯಾವುದಕ್ಕಾದರೂ ಉಪಯೋಗಕ್ಕೆ ಬರಲಿ.